ಖಾಲಿ ಫೋನಿನ ಬೀಗ

ವಡೋದರಾದ ಆಲ್ಕಾಪುರಿಯಲ್ಲಿರುವ ನಮ್ಮ ಬ್ರಾಂಚಿನ ಕಪಾಟಿನಲ್ಲಿ ಹತ್ತೊಂಬತ್ತು ಫೋನುಗಳು ಸತ್ತು ಬಿದ್ದಿದ್ದವು. ಒಂದಕ್ಕೂ ಏಟು ಬಿದ್ದಿರಲಿಲ್ಲ, ಚಾರ್ಜಿಗೆ ಹಾಕಿದರೆ ಪರದೆ ಬೆಳಗುತ್ತಿತ್ತು. ಬೆಳಗಿದ ಮೇಲೆ ಎಲ್ಲವೂ ಕೇಳುತ್ತಿದ್ದದ್ದು ಒಂದೇ ಮಾತು: ಈ ಫೋನಿನಲ್ಲಿ ಹಿಂದೆ ಇದ್ದ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ಹಾಕಿ. ಆ ಖಾತೆಗಳೆಲ್ಲ ಕೆಲಸ ಬಿಟ್ಟು ಹೋದವರವು. ಒಬ್ಬ ದುಬೈಯಲ್ಲಿದ್ದ. ಒಬ್ಬ ಫೋನ್ ಎತ್ತುತ್ತಿರಲಿಲ್ಲ. ಇನ್ನೊಬ್ಬ ಎತ್ತಿ, ಪಾಸ್‌ವರ್ಡ್ ಮರೆತುಹೋಗಿದೆ ಎಂದು ನಕ್ಕು ಇಟ್ಟುಬಿಟ್ಟ.

ನಾನು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಫೋನುಗಳ ಉಸ್ತುವಾರಿ. ವರ್ಕ್‌ಶಾಪ್ ಅಹಮದಾಬಾದಿನ ವಟ್ವಾದಲ್ಲಿ, ಹೆಡ್ ಆಫೀಸೂ ಅದೇ ಊರಿನಲ್ಲಿ, ಟೆಕ್ನಿಷಿಯನ್ನರು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ. ಪ್ರತಿಯೊಬ್ಬನ ಕೈಯಲ್ಲೂ ಕಂಪನಿಯ ಒಂದು ಫೋನು. ಲಿಫ್ಟ್ ನೋಡಿ ಮುಗಿಸಿದ ಮೇಲೆ ಟೆಕ್ನಿಷಿಯನ್ ಮೋಟಾರಿನ ಪಕ್ಕ ಫೋನ್ ಹಿಡಿದು, ಕಟ್ಟಡದ ಹೆಸರು, ಲಿಫ್ಟ್ ನಂಬರು, ಬ್ರೇಕಿನ ಸ್ಥಿತಿ ಇಷ್ಟನ್ನು ಬಾಯಲ್ಲಿ ಹೇಳಿ, ಅರ್ಧ ನಿಮಿಷ ಮೋಟಾರಿನ ಸದ್ದನ್ನು ರೆಕಾರ್ಡ್ ಮಾಡಬೇಕು. ಅದು ನಮ್ಮ ಸರ್ವರಿಗೆ ಬರುತ್ತದೆ. ಸದ್ದು ಕೇಳಿಯೇ ಬೇರಿಂಗ್ ಸವೆದಿದೆ ಎಂದು ಹೇಳುವ ಹಳಬರೊಬ್ಬರು ವಟ್ವಾದಲ್ಲಿದ್ದಾರೆ.

ಫೋನು ಕದ್ದವನು ಅದನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿ ಮಾರಬಾರದು ಎಂದು ಫೋನಿನೊಳಗೇ ಒಂದು ಬೀಗ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಎಂದು ಅದರ ಹೆಸರು. ನಾವು ರೀಸೆಟ್ ಬೀಗ ಎನ್ನುತ್ತೇವೆ. ಅಳಿಸಿದ ಮೇಲೂ ಅದು ಹಳೆಯ ಖಾತೆಯನ್ನು ನೆನಪಿಟ್ಟುಕೊಂಡು, ಆ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಒಳಗೆ ಬಿಡುತ್ತದೆ. ಕಳ್ಳನಿಗೆಂದು ಮಾಡಿದ ಬೀಗ ಮಾಲೀಕನಿಗೇ ಬಿದ್ದಿತ್ತು. ಮೀಟಿಂಗಿನಲ್ಲಿ ನಮ್ಮ ಐಟಿ ಮುಖ್ಯಸ್ಥರು ಆ ಹತ್ತೊಂಬತ್ತನ್ನೂ ಮೇಜಿನ ಮೇಲೆ ಸುರಿದು, ಇವುಗಳಿಂದ ಗೋಡೆ ಕಟ್ಟಿಸೋಣವೇ ಎಂದು ನನ್ನನ್ನು ಕೇಳಿದರು. ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು.

ಆ ಉರಿಯಲ್ಲಿ ಮೂರು ವಾರ ಕೂತು ಹೊಸ ವ್ಯವಸ್ಥೆ ಮಾಡಿದೆ. ಎಲ್ಲ ಫೋನುಗಳನ್ನೂ ಒಂದೇ ಪರದೆಯಿಂದ ನೋಡಿಕೊಳ್ಳುವ ತಂತ್ರಾಂಶ ನಮ್ಮಲ್ಲಿದೆ, ಕನ್ಸೋಲ್ ಅನ್ನುತ್ತೇವೆ. ಅದರಲ್ಲಿ, ರೀಸೆಟ್ ಬೀಗವನ್ನು ಕಂಪನಿಯ ಒಂದೇ ಖಾತೆ ತೆಗೆಯಬಹುದು ಎಂದು ಬರೆದೆ. ಅಲ್ಲಿ ಈಮೇಲ್ ವಿಳಾಸ ಹಾಕಿದರೆ ನಡೆಯುವುದಿಲ್ಲ, ಖಾತೆಯ ಇಪ್ಪತ್ತೊಂದು ಅಂಕಿಯ ಗುರುತಿನ ಸಂಖ್ಯೆ ಹಾಕಬೇಕು. ಒಂದು ಅಂಕಿ ತಪ್ಪಿದರೂ ಎಲ್ಲ ಫೋನುಗಳ ಕೀಲಿಕೈ ಬಾವಿಗೆ ಬಿದ್ದಂತೆ. ಪಕ್ಕದ ಮೇಜಿನವನಿಂದ ಗಟ್ಟಿಯಾಗಿ ಓದಿಸಿ, ನಾನು ಬೆರಳಿಟ್ಟು ಎರಡು ಸಲ ತಾಳೆ ನೋಡಿದೆ. ಆದರೂ ಪರೀಕ್ಷೆಗೆ ಇಟ್ಟ ಮೊದಲ ಫೋನು ತೆರೆಯಲಿಲ್ಲ. ಆ ಖಾತೆಯ ಪಾಸ್‌ವರ್ಡನ್ನು ಬೆಳಿಗ್ಗೆ ಬದಲಿಸಿದ್ದೆ. ಬದಲಿಸಿದ ಮೇಲೆ ಒಂದು ದಿನ ಕಳೆಯುವವರೆಗೂ ಅದು ಬೀಗ ತೆಗೆಯುವುದಿಲ್ಲವಂತೆ. ಮರುದಿನ ತೆರೆಯಿತು.

ಬುದ್ಧಿವಂತಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಸ್ವಂತ ಖಾತೆ ಹಾಕಿಕೊಂಡಿದ್ದರಿಂದ ತಾನೇ ಇಷ್ಟೆಲ್ಲ ಆದದ್ದು? ಇನ್ನು ಕಂಪನಿ ಫೋನಿನಲ್ಲಿ ಯಾರೂ ಸ್ವಂತ ಖಾತೆ ಹಾಕುವಂತಿಲ್ಲ ಎಂದು ಮಾಡಿದೆ. ಅಂದರೆ ಅವರು ತೆಗೆದ ಫೋಟೊ, ರೆಕಾರ್ಡಿಂಗ್ ಯಾವುದೂ ಬೇರೆ ಕಡೆ ಉಳಿಯುವುದಿಲ್ಲ, ಆ ಫೋನಿನಲ್ಲಿ ಮಾತ್ರ. ಹತ್ತು ಸಲ ತಪ್ಪು ಪಿನ್ ಒತ್ತಿದರೆ ಫೋನು ತನ್ನನ್ನು ತಾನೇ ಅಳಿಸಿಕೊಳ್ಳಬೇಕು ಎಂದೂ ಹಾಕಿದೆ. ಕೊನೆಯದಾಗಿ, ಯಾರಾದರೂ ಕೆಲಸ ಬಿಟ್ಟರೆ ಸಿಬ್ಬಂದಿ ವಿಭಾಗದವರು ತಮ್ಮ ಪಟ್ಟಿಯಲ್ಲಿ ಗುರುತು ಹಾಕಿದ ಕೂಡಲೇ ಆ ಫೋನಿಗೆ ‘ಅಳಿಸು’ ಎಂಬ ಆಜ್ಞೆ ತಾನಾಗಿ ಹೋಗುವಂತೆ ಜೋಡಿಸಿದೆ. ಅಳಿಸಿದ ಮೇಲೂ ಬೀಗ ಉಳಿಯಲಿ ಎಂಬ ಚೌಕ ಒಂದಿತ್ತು, ಅದಕ್ಕೂ ಟಿಕ್ ಹಾಕಿದೆ. ಕೋಟೆ ಕಟ್ಟಿದೆ ಅಂದುಕೊಂಡಿದ್ದೆ.

ಒಂದೂವರೆ ವರ್ಷ ಎಲ್ಲ ಸುಸೂತ್ರ. ಆಮೇಲೆ ಒಂದು ಮಧ್ಯಾಹ್ನ ವಟ್ವಾದಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ ಒಂದು ಕರೆ ಬಂತು. ಹೆಂಗಸಿನ ದನಿ, ಹರಕು ಹಿಂದಿ. ಸೂರತ್ ಡಿಪೊದ ಟೆಕ್ನಿಷಿಯನ್ ಒಬ್ಬರ ಹೆಂಡತಿ. ಅವರು ಇಪ್ಪತ್ತು ದಿನದ ಹಿಂದೆ ಭಾನುವಾರ ಬೈಕಿನಲ್ಲಿ ತರಕಾರಿ ತರಲು ಹೋಗಿ ಅಪಘಾತದಲ್ಲಿ ತೀರಿಕೊಂಡಿದ್ದರು. ಸುದ್ದಿ ನನಗೂ ಗೊತ್ತಿತ್ತು, ಆಫೀಸಿನ ಈಮೇಲಿನಲ್ಲಿ ಎರಡು ಸಾಲು ಬಂದಿತ್ತು. ಆ ಹೆಸರು ನೋಡಿ ನಮ್ಮ ಕರ್ನಾಟಕದ ಕಡೆಯವರಿರಬೇಕು ಅಂದುಕೊಂಡಿದ್ದೆನೇ ಹೊರತು ಮುಂದೇನೂ ಮಾಡಿರಲಿಲ್ಲ. ನಾನು ಕನ್ನಡದಲ್ಲಿ ಮಾತಾಡಿ ಅಮ್ಮ ಎಂದೆ. ಆಕೆಯೂ ಹಿಂದಿ ಬಿಟ್ಟರು. ವಿಜಯಪುರದ ಕಡೆಯವರು, ಸೂರತ್ತಿಗೆ ಬಂದು ಹನ್ನೊಂದು ವರ್ಷವಾಗಿತ್ತು.

“ಅವ್ರ ದನಿ ಆ ಫೋನಿನ್ಯಾಗ ಐತ್ರಿ ಸರ್,” ಎಂದರು. “ನನಗ ಅದೊಂದು ಬೇಕು. ಫೋನ್ ನೀವ ತಗೋರಿ.”

ಸಂಗತಿ ಹೀಗಿತ್ತು. ಲಿಫ್ಟಿನ ಮೋಟಾರ್ ಕೋಣೆ ಇರುವುದು ಕಟ್ಟಡದ ನೆತ್ತಿಯಲ್ಲಿ. ಆತ ಕೆಲಸ ಮುಗಿಸಿ ಅಲ್ಲೇ ಕೂತು ಬುತ್ತಿ ಉಣ್ಣುತ್ತ, ಮೇಲಿನಿಂದ ಇವತ್ತು ಏನೇನು ಕಂಡಿತು ಎಂದು ಹೆಂಡತಿಗೆ ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರಂತೆ. ತಾಪಿ ನದಿ ಎಲ್ಲಿಯವರೆಗೆ ಕಂಡಿತು, ಯಾವ ಮನೆಯ ತಾರಸಿಯ ಮೇಲೆ ಹಪ್ಪಳ ಒಣಗಿಸಿದ್ದರು, ಇಂಥವು. ಕಂಪನಿ ಫೋನಿನಿಂದ ಅದನ್ನು ಕಳಿಸುವುದಕ್ಕೆ ನಾನೇ ದಾರಿ ಇಟ್ಟಿರಲಿಲ್ಲ. ಹಾಗಾಗಿ ಸಂಜೆ ಮನೆಗೆ ಬಂದು, ಆಕೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿಟ್ಟು ಹಚ್ಚುತ್ತಿದ್ದರು. ಒಂದೂವರೆ ವರ್ಷದ್ದು ಇತ್ತು. ಪಿನ್ ಏನೆಂದು ಆಕೆ ಯಾವತ್ತೂ ಕೇಳಿರಲಿಲ್ಲ. ಈಗ ಮಗಳು ಹುಟ್ಟಿದ ದಿನ, ಮದುವೆಯ ದಿನ, ಬೈಕಿನ ನಂಬರು ಎಂದು ಏಳು ಸಲ ಒತ್ತಿ, ಹೆದರಿ ನಿಲ್ಲಿಸಿದ್ದರು. ಪರದೆ ಇನ್ನು ಮೂರೇ ಸಲ ಎನ್ನುತ್ತಿತ್ತು.

ನಾನು ಇನ್ನೊಂದು ಸಲವೂ ಒತ್ತಬೇಡಿ ಎಂದೆ. ಒತ್ತುವ ಅಗತ್ಯವೂ ಇರಲಿಲ್ಲ, ಕನ್ಸೋಲಿನಿಂದ ಹೊಸ ಪಿನ್ ಕೊಡಬಹುದು. ಅದಕ್ಕೆ ಫೋನಿಗೆ ನೆಟ್ ಬೇಕು. ಆತ ಹೋದ ಮೂರನೇ ದಿನಕ್ಕೆ ಆಫೀಸಿನವರು ಸಿಮ್ ನಿಲ್ಲಿಸಿದ್ದರು. ಪಿನ್ ಇಲ್ಲದೆ ಹೊಸ ವೈಫೈಗೆ ಸೇರಿಸಲು ಬರುವುದಿಲ್ಲ. ಆದರೆ ನಮ್ಮ ಡಿಪೊಗಳ ವೈಫೈಯನ್ನು ಎಲ್ಲ ಫೋನಿಗೂ ನಾನೇ ಮೊದಲೇ ತುಂಬಿಸಿಟ್ಟಿದ್ದೆ, ಬಾಗಿಲ ಹತ್ತಿರ ಬಂದರೆ ತಾನೇ ಹಿಡಿದುಕೊಳ್ಳುತ್ತದೆ. ಸೂರತ್ ಡಿಪೊಗೆ ಫೋನು ಬಂದರೆ ಸಾಕು. ಅದನ್ನು ಆರಿಸಿ ಹಚ್ಚಿದರೆ ಮೊದಲ ಸಲ ಪಿನ್ ಹಾಕುವವರೆಗೂ ನಮ್ಮ ಆಜ್ಞೆ ಅದಕ್ಕೆ ಮುಟ್ಟುವುದಿಲ್ಲ. ಆದ್ದರಿಂದ ಆಕೆಗೆ ಒತ್ತಿ ಒತ್ತಿ ಹೇಳಿದೆ: ಏನೇ ಆದರೂ ಫೋನ್ ಆರಿಸಬೇಡಿ, ಚಾರ್ಜ್ ತುಂಬಿಸಿಕೊಂಡು ನಾಳೆ ಹನ್ನೊಂದೂವರೆಗೆ ಡಿಪೊಗೆ ಬನ್ನಿ, ನಾನೇ ಬರುತ್ತೇನೆ.

ಸಂಜೆ ಕನ್ಸೋಲಿನಲ್ಲಿ ಹೊಸ ಪಿನ್ನಿನ ಆಜ್ಞೆ ಹಾಕಿಟ್ಟೆ. ಆ ಫೋನಿನ ಸಾಲಿನಲ್ಲಿ, ಕಾಯುತ್ತಿರುವ ಆಜ್ಞೆಗಳು ಎರಡು ಎಂದು ತೋರಿಸಿತು. ಆ ಗುಂಡಿ ಸ್ವಲ್ಪ ನಿಧಾನ, ಎರಡು ಸಲ ಒತ್ತಿರಬೇಕು ಅಂದುಕೊಂಡೆ. ಅದನ್ನು ಬಿಚ್ಚಿ ನೋಡಲಿಲ್ಲ. ಇವತ್ತಿಗೂ ನನ್ನನ್ನು ತಿನ್ನುವುದು ಅದೊಂದೇ, ಬಿಚ್ಚಿ ನೋಡಲು ಎರಡು ಕ್ಷಣ ಸಾಕಿತ್ತು.

ಬೆಳಿಗ್ಗೆ ಮಣಿನಗರ ಸ್ಟೇಷನ್ನಿನಲ್ಲಿ ಸೂರತ್ತಿನ ರೈಲುಗಾಡಿ ಹತ್ತಿದೆ. ಮನೆಯಲ್ಲಿ ಹೆಂಡತಿ ಅವಲಕ್ಕಿ ಕಟ್ಟಿಕೊಟ್ಟಿದ್ದಳು; ಅವಳಿಗೆ ವಿಷಯ ಹೇಳಿದ್ದೆ. ಒಳ್ಳೆಯ ಕೆಲಸ, ಬೇಗ ಹೋಗಿ ಎಂದಿದ್ದಳು. ನನಗೂ ಒಳಗೊಳಗೆ ಹಿಗ್ಗು. ಇಷ್ಟು ವರ್ಷ ಜನರ ಫೋನಿಗೆ ಬೀಗ ಹಾಕಿದ್ದೇ ಬಂತು, ಒಂದನ್ನಾದರೂ ತೆಗೆದುಕೊಡುತ್ತೇನೆ ಎಂದು. ಗಾಡಿ ವಡೋದರಾಕ್ಕೆ ಮೊದಲು ಹೊಲಗಳ ಮಧ್ಯೆ ಮುಕ್ಕಾಲು ಗಂಟೆ ನಿಂತಿತು. ವಡೋದರಾ ಬಿಟ್ಟ ಮೇಲೆ ಹೊತ್ತು ಹೋಗದೆ ಲ್ಯಾಪ್‌ಟಾಪ್ ತೆಗೆದೆ. ಎರಡು ಆಜ್ಞೆ ಯಾಕೆ, ಒಂದನ್ನು ತೆಗೆದುಬಿಡೋಣ ಎಂದು, ಹಿಂದಿನ ಸಂಜೆ ತೆರೆದಿದ್ದ ಪುಟದಲ್ಲೇ ಆ ಸಾಲನ್ನು ಬಿಚ್ಚಿದೆ.

ಎರಡನೆಯದು ನನ್ನದು, ಹೊಸ ಪಿನ್. ಮೊದಲನೆಯದು ‘ಅಳಿಸು’. ಆತ ತೀರಿಕೊಂಡ ನಾಲ್ಕನೇ ದಿನದ್ದು.

ಸಿಬ್ಬಂದಿ ವಿಭಾಗದ ಪಟ್ಟಿಯಲ್ಲಿ, ಕೆಲಸದಲ್ಲಿ ಇಲ್ಲದವರಿಗೆ ಕಾರಣ ಬರೆಯಲು ನಾಲ್ಕೇ ಆಯ್ಕೆ: ರಾಜೀನಾಮೆ, ವಜಾ, ಹೇಳದೆ ಬಿಟ್ಟವರು, ಇತರೆ. ಸತ್ತವರಿಗೆ ಜಾಗವಿರಲಿಲ್ಲ. ಅಲ್ಲಿನ ಹುಡುಗಿ ಪಾಪ ‘ಇತರೆ’ ಎಂದು ಗುರುತು ಹಾಕಿದ್ದಳು. ನಾನು ಜೋಡಿಸಿದ ಯಂತ್ರ ನಾನು ಹೇಳಿದಂತೆಯೇ ಮಾಡಿತ್ತು. ಸಿಮ್ ಇಲ್ಲದ್ದರಿಂದ ಆ ಆಜ್ಞೆ ಫೋನಿಗೆ ಮುಟ್ಟದೆ ಕಾಯುತ್ತ ಕೂತಿತ್ತು. ನೆಟ್ ಸಿಕ್ಕ ಗಳಿಗೆಗೆ ಸಾಲಿನಲ್ಲಿ ಮೊದಲಿದ್ದದ್ದು ಮೊದಲು ಹೋಗುತ್ತದೆ.

ಗಡಿಯಾರ ನೋಡಿದೆ, ಹತ್ತು ಇಪ್ಪತ್ತು. ಆಕೆ ಬರುವುದು ಹನ್ನೊಂದೂವರೆಗೆ, ಕಾಲ ಇದೆ. ರದ್ದು ಎಂಬ ಗುಂಡಿ ಒತ್ತಿದೆ. ಚಕ್ರ ತಿರುಗುತ್ತಲೇ ಇತ್ತು, ಆ ದಾರಿಯಲ್ಲಿ ನೆಟ್ ಬರುತ್ತದೆ, ಹೋಗುತ್ತದೆ. ಡಿಪೊ ಉಸ್ತುವಾರಿಗೆ ಕರೆ ಮಾಡಿದೆ. ಎರಡು ಸಲ ಕಡಿದು ಹೋಯಿತು, ಮೂರನೆಯ ಸಲ ಸಿಕ್ಕರು. ವೈಫೈ ಡಬ್ಬಿಯ ಸ್ವಿಚ್ ಈಗಲೇ ತೆಗೆಯಿರಿ ಎಂದೆ. ಆತ ಗುಜರಾತಿನವರು, ನಿಧಾನದ ಮನುಷ್ಯ. ಯಾಕೆ ಭಾಯಿ ಎಂದರು. ಆ ಬೆನ್, ಆ ಹೆಣ್ಣುಮಗಳು, ಆಗಲೇ ಬಂದಾಯಿತು, ಹತ್ತಕ್ಕೇ ಬಂದರು, ಚಹಾ ಕೊಟ್ಟು ಕೂರಿಸಿದ್ದೇನೆ, ನೀವು ಆರಾಮಾಗಿ ಬನ್ನಿ ಎಂದರು.

ಪುಟ ಹೊಸದಾಗಿ ತೆರೆದುಕೊಂಡಿತು. ಕೊನೆಯ ಸಂಪರ್ಕ: ಹತ್ತು ಗಂಟೆ ನಾಲ್ಕು ನಿಮಿಷ. ಅಳಿಸು: ಪೂರ್ಣಗೊಂಡಿದೆ. ಪಕ್ಕದಲ್ಲಿ ಹಸಿರು ಟಿಕ್. ಹೊಸ ಪಿನ್: ವಿಫಲ.

ಪುಟವನ್ನು ಮತ್ತೆ ಮತ್ತೆ ತೆರೆದೆ, ಅದೇ ಟಿಕ್. ಎದುರು ಸೀಟಿನ ಹಿರಿಯರೊಬ್ಬರು ನೀರು ಬೇಕೇ ಎಂದು ಕೇಳಿದರು. ನಾನೇ ಕರೆದು, ನಾನೇ ಆರಿಸಬೇಡಿ ಎಂದು ಹೇಳಿ, ನಾನೇ ಹಾಕಿಟ್ಟ ವೈಫೈ ಹತ್ತಿರ ಅದನ್ನು ತರಿಸಿದ್ದೆ. ಮನೆಯಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವರು ಬೇರೆಯವರು.

ಐಟಿ ಮುಖ್ಯಸ್ಥರಿಗೆ ತಿಳಿಸಲೇಬೇಕಿತ್ತು. ಅವರು ಪೂರ್ತಿ ಕೇಳಿಸಿಕೊಂಡು, ಗಾಬರಿಯಾಗಬೇಡಿ ಎಂದರು. ಆಕೆ ತಪ್ಪು ಪಿನ್ ಒತ್ತಿದ್ದಾರೆ ತಾನೇ? ಹತ್ತು ಸಲ ಒತ್ತಿದ್ದರಿಂದ ಫೋನ್ ತಾನೇ ಅಳಿಸಿಕೊಂಡಿತು ಎಂದು ವರದಿ ಬರೆಯಿರಿ, ಆಕೆಗೂ ಹಾಗೇ ಹೇಳಿ. ಏಳು ಎಂದು ಅವರಿಗಾದರೂ ಏನು ಖಾತ್ರಿ? ಕಂಪನಿಯ ಮೇಲೆ ಮಾತು ಬರುವುದಿಲ್ಲ, ನಿಮ್ಮ ಮೇಲೂ ಬರುವುದಿಲ್ಲ. ನಾನು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಭರೂಚ್ ದಾಟಿ ಸೂರತ್ ಬರುವವರೆಗೂ ಆ ಮಾತನ್ನೇ ಮೆಲುಕು ಹಾಕುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸಲಹೆ ನನಗೆ ಹಿತವಾಗಿತ್ತು.

ಡಿಪೊದಲ್ಲಿ ಆಕೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ವಯಸ್ಸು ಮೂವತ್ತೈದು ಇರಬಹುದು. ಫೋನನ್ನು ಸೀರೆ ಅಂಗಡಿಯ ಕವರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಸರ್ ಹತ್ತಿರ ಕೀಲಿ ಇದೆ ಎಂದು ಡಿಪೊದವರು ಹೇಳಿದ್ದರಂತೆ. ಇಲ್ಲಿಗೆ ಬಂದ ಸ್ವಲ್ಪ ಹೊತ್ತಿಗೆ ಫೋನು ತಾನೇ ಆರಿ, ತಾನೇ ಹತ್ತಿ, ಈಗ ಪಿನ್ ಬಿಟ್ಟು ಬೇರೆ ಏನೋ ಕೇಳುತ್ತಿದೆ, ಅರ್ಧ ಕೆಲಸ ಆದಂತೆ ಅಲ್ಲವೇ ಎಂದು ಕೇಳಿದರು. ಮುಖದಲ್ಲಿ ಆಸೆ ಇತ್ತು. ಅದನ್ನು ನೋಡಲಾರದೆ ಫೋನಿನ ಕಡೆ ತಿರುಗಿದೆ.

ಪರದೆಯ ಮೇಲೆ ನನ್ನ ರೀಸೆಟ್ ಬೀಗ. ಕಂಪನಿಯ ಖಾತೆ ಹಾಕಿ ಎನ್ನುತ್ತಿತ್ತು. ಒಳಗೆ ಕಾಯುವುದಕ್ಕೆ ಏನೂ ಉಳಿದಿರಲಿಲ್ಲ, ಬೀಗ ಮಾತ್ರ ಭದ್ರವಾಗಿತ್ತು. ಹಾಗೇ ಬಿಟ್ಟು, ಇದು ತೆಗೆಯಲು ಬರುತ್ತಿಲ್ಲ ಎಂದು ಹೇಳಿ ಎದ್ದುಬಿಡಬಹುದಿತ್ತು. ಯಾವತ್ತೋ ಒಂದು ದಿನ ತೆರೆಯಬಹುದು ಎಂದುಕೊಂಡಾದರೂ ಇರುತ್ತಿದ್ದರು. ಆದರೆ ಕೈ ಅಭ್ಯಾಸದಂತೆ ಖಾತೆಯ ಹೆಸರು, ಪಾಸ್‌ವರ್ಡ್ ಒತ್ತಿತು. ತೆರೆಯಿತು. ಆಕೆ ಹತ್ತಿರ ಬಾಗಿದರು. ಭಾಷೆ ಆರಿಸಿ, ಗಂಟೆ ಸರಿಪಡಿಸಿ ಎಂದು ಒಂದೊಂದೇ ಕೇಳಿ, ಕೊನೆಗೆ ಅಂಗಡಿಯಿಂದ ತಂದ ಹೊಸ ಫೋನಿನ ಪರದೆ ಬಂತು. ರೆಕಾರ್ಡರ್ ತೆಗೆದು ತೋರಿಸಿದೆ. ಖಾಲಿ.

ಆಕೆ ಬೆರಳಿಟ್ಟು ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. “ನಾ ತಪ್ಪು ಒತ್ತಿದ್ದಕ್ಕ ಹೋತೇನ್ರಿ?”

ಡಿಪೊ ಉಸ್ತುವಾರಿ ನನ್ನ ಮುಖ ನೋಡಿದರು. ಅವರಿಗೆ ಕನ್ನಡ ಬರುವುದಿಲ್ಲ, ಆದರೆ ಹೆಡ್ ಆಫೀಸಿನಿಂದ ಅವರಿಗೂ ಕರೆ ಹೋಗಿತ್ತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು, ಗಂಡನ ದನಿಯನ್ನು ತನ್ನ ಬೆರಳಿನಿಂದಲೇ ಅಳಿಸಿದೆ ಎಂದು ಆಕೆ ಸಾಯುವವರೆಗೂ ನಂಬುತ್ತಿದ್ದರು. ಅಷ್ಟು ದೊಡ್ಡ ಕಲ್ಲನ್ನು ಆ ತಲೆಯ ಮೇಲೆ ಇಡುವಷ್ಟು ನಾನು ಕೆಟ್ಟಿರಲಿಲ್ಲ.

“ಇಲ್ಲಮ್ಮ,” ಎಂದೆ. “ನೀವು ಒತ್ತಿದ್ದು ಏಳು ಸಲ. ಅದರಿಂದ ಏನೂ ಆಗಿಲ್ಲ. ಅಳಿಸಿದ್ದು ನಮ್ಮ ಆಫೀಸು. ಹಾಗೆ ಆಗೋ ಥರ ಮಾಡಿಟ್ಟಿದ್ದು ನಾನು. ಇಲ್ಲಿಗೆ ಬಂದಿದ್ದಕ್ಕೇ ಹೋಯ್ತು. ಬನ್ನಿ ಅಂದವನೂ ನಾನೇ.”

ಬೈಯಲಿ, ಅಳಲಿ, ಫೋನ್ ಎತ್ತಿ ಒಗೆಯಲಿ ಎಂದು ಕಾದೆ. ಆಕೆ ಕವರನ್ನು ನಾಲ್ಕು ಮಡಿಕೆ ಮಾಡಿದರು.

“ಹಂಗಾರ ಮನ್ಯಾಗ ಇಟ್ಟಿದ್ರ ಇರ್ತಿತ್ತು,” ಎಂದರು. “ಕೇಳಾಕ ಬರ್ತಿರ್ಲಿಲ್ಲ. ಆದ್ರ ಇರ್ತಿತ್ತು.”

ಹೌದು ಎಂದೆ.

ಆಗ ನೆನಪಾದದ್ದು ಮೋಟಾರಿನ ಸದ್ದು. ಸರ್ವರಿನಲ್ಲಿ ಮೂರು ತಿಂಗಳ ರೆಕಾರ್ಡಿಂಗ್ ಇರುತ್ತದೆ, ಆಮೇಲೆ ಅಳಿದುಹೋಗುತ್ತದೆ. ಆತನ ಹೆಸರಿನಲ್ಲಿ ಇನ್ನೂರಕ್ಕೂ ಹೆಚ್ಚು ಇದ್ದವು. ಲ್ಯಾಪ್‌ಟಾಪಿನಲ್ಲಿ ಒಂದನ್ನು ಹಚ್ಚಿದೆ. ಕಟ್ಟಡದ ಹೆಸರು, ಆಮೇಲೆ ಹಿಂದಿಯಲ್ಲಿ, ಲಿಫ್ಟ್ ನಂಬರ್ ದೋ, ಬ್ರೇಕ್ ಠೀಕ್, ಆವಾಜ್ ನಾರ್ಮಲ್. ಗಟ್ಟಿ ದನಿ, ಸಾಹೇಬರ ಮುಂದೆ ನಿಂತು ಹೇಳುವಂಥದ್ದು. ಹಿಂದೆಯೇ ಮೋಟಾರು ಗುಂಯ್ಯೆನ್ನತೊಡಗಿತು.

ಆಕೆ ತಲೆಯಾಡಿಸಿದರು. ಇದು ಡ್ಯೂಟಿ ದನಿ, ಮನೆಯ ದನಿ ಹೀಗಿರಲಿಲ್ಲ ಎಂದರು. ನನಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ನಿಲ್ಲಿಸಲು ಕೈ ಚಾಚಿದೆ, ಅಷ್ಟರಲ್ಲಿ ಅರ್ಧ ನಿಮಿಷ ಮುಗಿಯಿತು. ಮೋಟಾರು ನಿಂತಿತು. ಅದರ ಬೆನ್ನಿಗೇ, ಗುಂಡಿ ಒತ್ತುವ ಮೊದಲು, ತನಗೆ ತಾನೇ ಹೇಳಿಕೊಂಡಂತೆ ಮೆತ್ತಗೆ ಒಂದು ಮಾತು: “ಸಾಕು.”

ಎರಡನೆಯದನ್ನು ಹಚ್ಚಿದೆ, ಮೂರನೆಯದನ್ನು ಹಚ್ಚಿದೆ. ಪ್ರತಿಯೊಂದರ ಕೊನೆಗೂ ಇತ್ತು. ಕೆಲವುಗಳಲ್ಲಿ ದಣಿದು, ಕೆಲವುಗಳಲ್ಲಿ ಬಾಯಲ್ಲಿ ತುತ್ತು ಇಟ್ಟುಕೊಂಡು. ವಟ್ವಾದ ಹಳಬರು ಇಷ್ಟು ವರ್ಷ ಅದನ್ನೂ ಒಂದು ಸದ್ದು ಎಂದುಕೊಂಡು ಬಿಟ್ಟಿರಬೇಕು.

“ಇದು ಅವ್ರು,” ಎಂದು ಆಕೆ ಕಣ್ಣೊರೆಸಿಕೊಂಡರು.

ಕಂಪನಿಯ ರೆಕಾರ್ಡಿಂಗ್ ಹೊರಗೆ ಕೊಡಬಾರದು ಎಂಬ ನಿಯಮ ಇದೆ, ಬರೆದವನು ನಾನೇ. ಆಕೆಯ ಸ್ವಂತ ಫೋನಿಗೆ ಕೇಬಲ್ ಸಿಕ್ಕಿಸಿದೆ. ಅದಕ್ಕಾಗಿ ಮುಂದೆ ನನಗೆ ಮೆಮೊ ಬಂತು, ಉತ್ತರ ಬರೆದುಕೊಟ್ಟೆ. ವರದಿಯಲ್ಲಿ ಏಳು ಸಲ ಎಂದೇ ಬರೆದೆ. ಸಿಬ್ಬಂದಿ ಪಟ್ಟಿಗೆ ಈಗ ‘ನಿಧನ’ ಎಂಬ ಐದನೇ ಆಯ್ಕೆ ಸೇರಿದೆ, ಅದನ್ನು ಒತ್ತಿದರೆ ನಾನು ಮನೆಯವರ ಜೊತೆ ಮಾತಾಡುವವರೆಗೂ ಆ ಫೋನಿಗೆ ಯಾವ ಆಜ್ಞೆಯೂ ಹೋಗುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕತೆ.

ಆ ದಿನ ಕಾಪಿ ಆಗುವವರೆಗೆ ಇಬ್ಬರೂ ಕಾಯುತ್ತ ಕೂತಿದ್ದೆವು. ನನ್ನ ಕೈಲಾದದ್ದು ಇನ್ನೇನಾದರೂ ಇದೆಯೇ ಎಂದು ಯೋಚಿಸಿ, ಎಲ್ಲದರಿಂದಲೂ ಮೋಟಾರಿನ ಸದ್ದು ಕತ್ತರಿಸಿ ಆ ಒಂದು ಮಾತನ್ನಷ್ಟೇ ಉಳಿಸಿ ಕಳಿಸಲೇ ಎಂದು ಕೇಳಿದೆ. ಎರಡು ದಿನದ ಕೆಲಸ, ಮಾಡಿಕೊಡುತ್ತೇನೆ ಎಂದೆ.

ಆಕೆ ತಮ್ಮ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

“ಬ್ಯಾಡ್ರಿ ಸರ್,” ಎಂದರು. “ಮೋಟಾರ್ ಇರ್ಲಿ. ಅದು ನಿಲ್ಲೂತನ ನಾ ಕಾಯ್ತೀನಿ.”